ಪತ್ತಾಕ್‌ನಿಂದ ಪದಕದವರೆಗೆ: ಬೆಲೆಬಾಳುವ ಸಣ್ಣ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವ ಕ್ರಮ

ಕೊಡಗಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಬೆಂಗಳೂರಿನಲ್ಲಿರುವ ಮಗಳಿಗೆ ಮದುವೆಗೆ ಮುಂಚೆ ಪತ್ತಾಕ್ ಎಂಬ ಕೊಡಗಿನ ಸಾಂಪ್ರದಾಯಿಕ ಚಿನ್ನದ ಒಡವೆಯನ್ನು ತಲುಪಿಸಬೇಕಾಗಿರುತ್ತದೆ, ಪುಣೆಯಲ್ಲಿರುವ ಮಗನಿಗೆ ಅಜ್ಜನ ಸೇನಾ ಪದಕವನ್ನು ಕಳುಹಿಸಬೇಕಾಗಿರುತ್ತದೆ, ಇಲ್ಲವೇ ಹಳೆಯ ಕೈಗಡಿಯಾರವೊಂದು ದುರಸ್ತಿಗೆ ಮೈಸೂರಿಗೆ ಹೋಗಬೇಕಾಗಿರುತ್ತದೆ. ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: ‘ರಿಜಿಸ್ಟರ್ ಮಾಡಿಸಿದರೆ ಸಾಕಲ್ಲವೇ, ನಂಬರ್ ಕೊಡುತ್ತಾರಲ್ಲ?’

ಸಾಲದು. ನಂಬರು ನಿಮ್ಮ ಪೊಟ್ಟಣ ಕೊನೆಯದಾಗಿ ಎಲ್ಲಿ ಕಾಣಿಸಿಕೊಂಡಿತೆಂದು ಹೇಳುತ್ತದೆ. ಕಳೆದುಹೋದ ಒಡವೆಯ ಬೆಲೆಯನ್ನು ಅದು ಕೊಡುವುದಿಲ್ಲ. ಬೆಲೆ ಕೊಡುವುದು ವಿಮೆ, ಅದೂ ಕೆಲವು ಷರತ್ತುಗಳಿಗೆ ಒಳಪಟ್ಟು. ಸರಿಯಾದ ವ್ಯಕ್ತಿಯ ಕೈಗೆ ಹೋಯಿತೇ ಎಂಬುದನ್ನು ನೋಡಿಕೊಳ್ಳುವುದು ಇನ್ನೊಂದು ಸೌಲಭ್ಯ. ಈ ಮೂರೂ ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ಶುಲ್ಕಗಳು. ಯಾವುದು ಯಾವುದಕ್ಕೆ ಎಂದು ತಿಳಿಯದೆ ಕೌಂಟರಿನ ಮುಂದೆ ನಿಂತವರು ಒಂದೋ ಬೇಡದ್ದಕ್ಕೆ ಹಣ ಕೊಡುತ್ತಾರೆ, ಇಲ್ಲವೇ ಬೇಕಾದದ್ದನ್ನು ಬಿಟ್ಟು ಬರುತ್ತಾರೆ.

ಮೊದಲು ಕೆಲವು ಪದಗಳನ್ನು ತಿಳಿದುಕೊಳ್ಳೋಣ

‘ರಿಜಿಸ್ಟರ್ ಪೋಸ್ಟ್’ ಎಂಬ ಪ್ರತ್ಯೇಕ ದೇಶೀಯ ಸೇವೆ ಈಗ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿದೆ. ‘ನೋಂದಣಿ’ ಎಂಬುದು ಈಗ ಸ್ಪೀಡ್ ಪೋಸ್ಟ್ ಮಾಡಿಸುವಾಗ ಹೆಚ್ಚುವರಿ ಶುಲ್ಕ ಕೊಟ್ಟು ಪಡೆಯುವ ಸೌಲಭ್ಯ. ಅದನ್ನು ಪಡೆದರೆ ಪೊಟ್ಟಣವನ್ನು ವಿಳಾಸದಾರರಿಗೆ ಅಥವಾ ಅವರು ಅಧಿಕೃತವಾಗಿ ನೇಮಿಸಿದವರಿಗೆ ಮಾತ್ರ ಬಟವಾಡೆ ಮಾಡಬೇಕು. ನೋಂದಣಿ ಬೇಕೆಂದು ನೀವು ಹೇಳದಿದ್ದರೆ ನಿಮಗೆ ಸಿಗುವುದು ಬರಿಯ ಸ್ಪೀಡ್ ಪೋಸ್ಟ್. ಅದನ್ನು ಮನೆಯಲ್ಲಿರುವ ಬೇರೊಬ್ಬರು ಪಡೆದುಕೊಳ್ಳುವ ಸಾಧ್ಯತೆ ಇರುತ್ತದೆ.

‘ಒಟಿಪಿ ಬಟವಾಡೆ’ ಎಂದರೆ ವಿಳಾಸದಾರರ ಮೊಬೈಲಿಗೆ ಬರುವ ಅಂಕಿಯನ್ನು ಹೇಳಿದ ಮೇಲೆಯೇ ಅಂಚೆಯವರು ಪೊಟ್ಟಣವನ್ನು ಕೊಡುವುದು. ‘ಪಿಒಡಿ’ ಎಂದರೆ ಬಟವಾಡೆಯಾದುದಕ್ಕೆ ಪುರಾವೆ; ಹಿಂದೆ ಸಹಿ ಹಾಕಿಸಿಕೊಂಡು ಮರಳುತ್ತಿದ್ದ ಎ.ಡಿ. ಕಾರ್ಡಿನ ಸ್ಥಾನದಲ್ಲಿ ಈಗ ಅದಿದೆ. ‘ಘೋಷಿತ ಮೌಲ್ಯ’ ಎಂದರೆ ವಸ್ತುವಿನ ಬೆಲೆ ಇಷ್ಟು ಎಂದು ನೀವು ಬರೆದುಕೊಡುವ ಮೊತ್ತ. ವಿಮೆಯ ಶುಲ್ಕವೂ ಪರಿಹಾರದ ಮಿತಿಯೂ ಅದನ್ನೇ ಆಧರಿಸುತ್ತವೆ.

1. ಆ ವಸ್ತುವನ್ನು ಅಂಚೆಗೆ ಹಾಕಬಹುದೇ ಎಂದು ನೋಡಿಕೊಳ್ಳಿ

ಆಭರಣ, ಗಡಿಯಾರ, ಪದಕ, ನಾಣ್ಯ, ಮೂಲ ದಾಖಲೆ ಇವುಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಕೊಡಗಿನ ಮನೆಗಳ ಪೆಟ್ಟಿಗೆಯಲ್ಲಿ ಸಿಗುವ ಕೆಲವು ವಸ್ತುಗಳ ವಿಷಯದಲ್ಲಿ ಎಚ್ಚರ ಬೇಕು.

ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಬೆಳ್ಳಿಯದಾದರೂ ಕತ್ತಿಯೇ. ಅಲಗಿಗೆ ಗಟ್ಟಿಯಾದ ಹೊದಿಕೆ ಇಲ್ಲದೆ ಹರಿತವಾದ ವಸ್ತುವನ್ನು ಅಂಚೆಗೆ ಹಾಕುವಂತಿಲ್ಲ. ವಿಮಾನದಲ್ಲಿ ಸಾಗುವ ಖಾಸಗಿ ಕೊರಿಯರ್‌ನವರು ನಿರಾಕರಿಸಲೂಬಹುದು. ಹಳೆಯ ಪೀಚೆಕತ್ತಿಗಳಲ್ಲಿ ದಂತದ ಕೆಲಸವಿರುವುದುಂಟು. ಹಾಗಿದ್ದರೆ ಅಂಚೆಯ ವಿಚಾರವನ್ನು ಅಲ್ಲಿಗೇ ಬಿಟ್ಟು ಅರಣ್ಯ ಇಲಾಖೆಯನ್ನು ವಿಚಾರಿಸಿ, ಏಕೆಂದರೆ ಆನೆದಂತದ ವಿಷಯ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಕೋವಿಯ ತೋಟಾಗಳನ್ನಂತೂ ಯಾವ ಕಾರಣಕ್ಕೂ ಪೊಟ್ಟಣದೊಳಗೆ ಇಡಬೇಡಿ. ಕೋವಿ ಇಟ್ಟುಕೊಳ್ಳಲು ನಮ್ಮಲ್ಲಿರುವ ಲೈಸೆನ್ಸ್ ವಿನಾಯಿತಿ ಸ್ಫೋಟಕಗಳನ್ನು ಅಂಚೆಯಲ್ಲಿ ಸಾಗಿಸಲು ಸಿಕ್ಕ ಅನುಮತಿಯಲ್ಲ.

ವಿದೇಶಕ್ಕೆ ಕಳುಹಿಸುವವರು ಇನ್ನೊಂದು ಕಾನೂನನ್ನು ನೆನಪಿನಲ್ಲಿಡಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯ, ಶಿಲ್ಪ, ಕಲಾಕೃತಿ ಮೊದಲಾದವನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಹಸ್ತಪ್ರತಿಗಳಿಗೆ ಈ ಗಡಿ 75 ವರ್ಷ. ಒಕ್ಕದ, ಅಂದರೆ ಮನೆತನದ, ಹಿರಿಯರ ಕಾಲದ ನಾಣ್ಯವನ್ನು ಕೆನಡಾದಲ್ಲಿರುವ ಮೊಮ್ಮಗನಿಗೆ ಉಡುಗೊರೆಯಾಗಿ ಕಳುಹಿಸುವ ಆಸೆ ಸಹಜವಾದದ್ದೇ. ಆದರೆ ಕಸ್ಟಮ್ಸ್‌ನಲ್ಲಿ ಆ ಪೊಟ್ಟಣ ಸಿಕ್ಕಿಬಿದ್ದರೆ ವಿಮೆ ನಿಮ್ಮ ನೆರವಿಗೆ ಬರುವುದಿಲ್ಲ.

ನಗದನ್ನು ಲಕೋಟೆಯಲ್ಲಿ ಕಳುಹಿಸಬೇಡಿ. ಬ್ಯಾಂಕ್ ಇರುವುದೇ ಅದಕ್ಕೆ.

2. ಬೆಲೆಯನ್ನೂ ಗುರುತನ್ನೂ ದಾಖಲಿಸಿಕೊಳ್ಳಿ

ವಿಮೆಯ ಹಣ ಕೇಳುವ ದಿನ ನಿಮ್ಮ ಮುಂದೆ ಬರುವ ಮೊದಲ ಪ್ರಶ್ನೆ, ಒಳಗೆ ಏನಿತ್ತು ಮತ್ತು ಅದರ ಬೆಲೆ ಎಷ್ಟು ಎಂಬುದು. ಉತ್ತರವನ್ನು ಅಂಚೆಗೆ ಹಾಕುವ ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

ಹೊಸ ಚಿನ್ನದ ಒಡವೆಗೆ ಅಂಗಡಿಯ ಬಿಲ್ಲು ಮತ್ತು ಎಚ್‌ಯುಐಡಿ ಸಂಖ್ಯೆ ಸಾಕು. ಎಚ್‌ಯುಐಡಿ ಎಂದರೆ ಹಾಲ್‌ಮಾರ್ಕ್ ಮಾಡುವಾಗ ಪ್ರತಿ ಒಡವೆಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಒಡವೆಗಳ ಮಾರಾಟಕ್ಕೆ ಇದು ಕಡ್ಡಾಯ. ಆದರೆ ನಮ್ಮಲ್ಲಿ ಪ್ರಯಾಣ ಹೊರಡುವುದು ಹೆಚ್ಚಾಗಿ ಅಜ್ಜಿಯ ಕಾಲದ ಕೊಕ್ಕೆತಾತಿ, ಜೋಮಾಲೆಯಂಥ ಚಿನ್ನದ ಸರಗಳು. ಅವುಗಳಿಗೆ ಬಿಲ್ಲೂ ಇಲ್ಲ, ಎಚ್‌ಯುಐಡಿಯೂ ಇಲ್ಲ. ಅಂಥವನ್ನು ಅಕ್ಕಸಾಲಿಗರ ಬಳಿ ಒಯ್ದು ತೂಕ, ಶುದ್ಧತೆ, ಅಂದಾಜು ಬೆಲೆ ಬರೆದ ಸಹಿ ಮಾಡಿದ ಚೀಟಿ ಪಡೆಯಿರಿ. ಜೋಮಾಲೆಯ ಗುಂಡುಗಳೊಳಗೆ ಅರಗು ತುಂಬಿರುವುದರಿಂದ ಒಟ್ಟು ತೂಕ ಬೇರೆ, ಚಿನ್ನದ ತೂಕ ಬೇರೆ, ಎರಡನ್ನೂ ಬರೆಸಿ. ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿ ಮೌಲ್ಯ ಘೋಷಿಸಿದರೆ ಅದು ನಿಜ ಬೆಲೆಗಿಂತ ಹೆಚ್ಚಾಗುತ್ತದೆ. ನಿಜ ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸುವುದು ನಿಯಮಕ್ಕೆ ವಿರುದ್ಧವಾದುದರಿಂದ ಪರಿಹಾರವೇ ಕೈತಪ್ಪಬಹುದು.

ಬೆಳಕಿನಲ್ಲಿ ಫೋಟೊ ತೆಗೆಯಿರಿ: ವಸ್ತುವಿನ ಎರಡೂ ಬದಿ, ಗೀರು ಅಥವಾ ಬೆಸುಗೆಯ ಗುರುತುಗಳು, ಗಡಿಯಾರವಾದರೆ ಹಿಂಬದಿಯ ಸಂಖ್ಯೆ, ಪದಕವಾದರೆ ಅಂಚಿನಲ್ಲಿ ಕೆತ್ತಿರುವ ಹೆಸರು. ಪದಕದ ಬಗ್ಗೆ ಒಂದು ಮಾತು ಸೇರಿಸಬೇಕು. ಮಾರುಕಟ್ಟೆಯಲ್ಲಿ ಅದರ ಬೆಲೆ ಅಲ್ಪವಾಗಿರಬಹುದು, ಮನೆಯವರಿಗೆ ಅದು ಅಮೂಲ್ಯ. ವಿಮೆ ಗಣಿಸುವುದು ಮಾರುಕಟ್ಟೆಯ ಬೆಲೆಯನ್ನು ಮಾತ್ರ. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಹಳೆಯ ಕಾಗದ ಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥವುಗಳಿಗೆ ವಿಮೆಗಿಂತ ನೋಂದಣಿ ಮತ್ತು ಒಟಿಪಿಗೆ ಹಣ ಕೊಡುವುದು ಸರಿಯಾದ ಲೆಕ್ಕ, ಏಕೆಂದರೆ ನಿಮಗೆ ಬೇಕಾಗಿರುವುದು ಪರಿಹಾರದ ಹಣವಲ್ಲ, ಆ ವಸ್ತುವೇ.

3. ಯಾವ ಸೌಲಭ್ಯ ಎಂದು ನಿರ್ಧರಿಸಿ

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದುಹೋದರೆ ಅಥವಾ ಒಳಗಿನ ವಸ್ತು ಹಾಳಾದರೆ ಇಲಾಖೆ ಕೊಡುತ್ತ ಬಂದಿರುವ ಪರಿಹಾರ ಅಂಚೆ ವೆಚ್ಚದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ‘ಯಾವುದು ಕಡಿಮೆಯೋ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ನೀವು 63 ರೂಪಾಯಿ ಅಂಚೆ ವೆಚ್ಚ ಕೊಟ್ಟಿದ್ದರೆ ಅದರ ಎರಡರಷ್ಟು 126 ರೂಪಾಯಿ. ಸಾವಿರ ರೂಪಾಯಿ ಸಿಗುತ್ತದೆ ಎಂದುಕೊಂಡವರಿಗೆ ಅದೂ ಸಿಗುವುದಿಲ್ಲ. 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯ 10ನೇ ಸೆಕ್ಷನ್, ನಿಯಮಗಳಲ್ಲಿ ಹೇಳಿದಷ್ಟು ಹೊಣೆಯನ್ನು ಬಿಟ್ಟು ಬೇರೆ ಹೊಣೆ ಅಂಚೆ ಕಚೇರಿಗೆ ಇಲ್ಲವೆನ್ನುತ್ತದೆ. ಅದರ ಹಿಂದಿದ್ದ 1898ರ ಕಾಯ್ದೆಯ ಧೋರಣೆಯೂ ಇದೇ ಆಗಿತ್ತು. ಹೀಗಾಗಿ ಕಳೆದುಹೋದ ಮೇಲೆ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೂ ಈ ಸೆಕ್ಷನ್ ಎದುರಾಗುತ್ತದೆ.

ಇನ್ನು ಶುಲ್ಕದ ವಿಚಾರ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರದಂತೆ 51ರಿಂದ 250 ಗ್ರಾಂ ತೂಕದ ದಾಖಲೆಗಳ ಸ್ಪೀಡ್ ಪೋಸ್ಟ್‌ಗೆ 200 ಕಿಲೋಮೀಟರ್‌ವರೆಗೆ 59 ರೂಪಾಯಿ, 201ರಿಂದ 500 ಕಿಲೋಮೀಟರ್‌ವರೆಗೆ 63 ರೂಪಾಯಿ, 501ರಿಂದ 1000 ಕಿಲೋಮೀಟರ್‌ವರೆಗೆ 68 ರೂಪಾಯಿ. ನೋಂದಣಿಗೆ 5 ರೂಪಾಯಿ, ಒಟಿಪಿ ಬಟವಾಡೆಗೆ 5 ರೂಪಾಯಿ ಹೆಚ್ಚುವರಿ. ಇವೆಲ್ಲದರ ಮೇಲೆ ಶೇಕಡ 18ರಷ್ಟು ಜಿಎಸ್‌ಟಿ. ಅಂದರೆ ಮಡಿಕೇರಿಯಿಂದ ಬೆಂಗಳೂರಿಗೆ ಮೂಲ ಅಂಕಪಟ್ಟಿಗಳ ದಪ್ಪ ಲಕೋಟೆಯೊಂದನ್ನು ನೋಂದಣಿ ಮತ್ತು ಒಟಿಪಿ ಸಹಿತ ಕಳುಹಿಸಲು 63, 5, 5 ಸೇರಿ 73 ರೂಪಾಯಿ, ತೆರಿಗೆ ಸೇರಿ 86 ರೂಪಾಯಿ 14 ಪೈಸೆ. ಹತ್ತು ರೂಪಾಯಿಯ ಆಸುಪಾಸಿನಲ್ಲಿ ಇಷ್ಟು ಭದ್ರತೆ ಸಿಗುವಾಗ ಅದನ್ನು ಬಿಡುವುದರಲ್ಲಿ ಅರ್ಥವಿಲ್ಲ. ಒಡವೆ, ಗಡಿಯಾರದಂತಹ ವಸ್ತುಗಳು ದಾಖಲೆಗಳ ವರ್ಗಕ್ಕಲ್ಲ, ಪಾರ್ಸೆಲ್ ವರ್ಗಕ್ಕೆ ಸೇರುತ್ತವೆ. ಅವುಗಳ ದರವನ್ನು ಕೌಂಟರಿನಲ್ಲಿ ತೂಕ ಹಾಕಿಸಿಯೇ ಕೇಳಿ.

ಒಟಿಪಿಗೆ ನಮ್ಮ ಜಿಲ್ಲೆಯಲ್ಲಿ ಒಂದು ತೊಡಕಿದೆ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುವ ಊರುಗಳು ಬೇಕಾದಷ್ಟಿವೆ. ಅಂಥ ಊರಿನ ವಿಳಾಸಕ್ಕೆ ಒಟಿಪಿ ಹಾಕಿದರೆ ಅಂಚೆಯವರು ಬಾಗಿಲಿಗೆ ಬಂದು ಅಂಕಿಗಾಗಿ ಕಾದು ಹಿಂದಿರುಗಬೇಕಾದೀತು. ಕೊಡಗಿನಿಂದ ಹೊರಗೆ ಹೋಗುವ ಪೊಟ್ಟಣಕ್ಕೆ ಒಟಿಪಿ ಒಳ್ಳೆಯದು. ಕೊಡಗಿನ ಒಳನಾಡಿಗೆ ಬರುವುದಕ್ಕೆ ನೋಂದಣಿ ಮತ್ತು ಪಿಒಡಿ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ವಿಮೆ. ಚಿನ್ನ, ಬೆಳ್ಳಿ, ರತ್ನ, ನಾಣ್ಯ, ನೋಟುಗಳಿರುವ ಪೊಟ್ಟಣವನ್ನು ವಿಮೆ ಮಾಡಿಸಿಯೇ ಕಳುಹಿಸಬೇಕೆಂಬುದು ಅಂಚೆಯ ಹಳೆಯ ನಿಯಮ. ‘ವಿಮೆ ಮಾಡಿಸಿದರೆ ಒಳಗೆ ಬೆಲೆಬಾಳುವುದಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಸುಮ್ಮನೆ ಸ್ವೀಟ್ ಎಂದು ಹೇಳಿ ಕಳುಹಿಸುವುದೇ ವಾಸಿ’ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಕಳವಿನ ಭಯದಿಂದ ಹುಟ್ಟಿದ ಈ ಜಾಣತನ, ಪೊಟ್ಟಣ ಕಳೆದ ದಿನ ನಿಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ. ಸ್ವೀಟ್ ಎಂದು ಬರೆದುಕೊಟ್ಟವರು ಆಮೇಲೆ ಚಿನ್ನ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಹಾಗೆಂದು ವಿಮೆ ಎಲ್ಲವನ್ನೂ ಹೊರುತ್ತದೆ ಎಂದೂ ಭಾವಿಸಬೇಡಿ. ಸ್ಪೀಡ್ ಪೋಸ್ಟ್‌ಗೆ ಸಿಗುವ ವಿಮೆಯ ಮೇಲ್ಮಿತಿ 1 ಲಕ್ಷ ರೂಪಾಯಿ. 2025ರಲ್ಲಿ 24 ಕ್ಯಾರೆಟ್ ಚಿನ್ನದ ಬೆಲೆ 10 ಗ್ರಾಂಗೆ 1 ಲಕ್ಷ ರೂಪಾಯಿ ದಾಟಿತು. ಅಂದರೆ ಒಂದೆರಡು ಉಂಗುರ, ಸಣ್ಣ ಓಲೆ, ತೆಳು ಸರದವರೆಗೆ ಮಾತ್ರ ಅಂಚೆಯ ವಿಮೆ ಪೂರ್ತಿ ರಕ್ಷಣೆ ಕೊಡಬಲ್ಲದು. ಭಾರದ ಪತ್ತಾಕ್ ಅಥವಾ ಜೋಮಾಲೆ ಈ ಮಿತಿಯನ್ನು ಎಂದೋ ಮೀರಿರುತ್ತದೆ. ಹಲವು ಬಿಡಿ ಒಡವೆಗಳಾದರೆ ಬೇರೆ ಬೇರೆ ಪೊಟ್ಟಣಗಳಾಗಿ, ಬೇರೆ ಬೇರೆ ದಿನ, ಒಂದೊಂದಕ್ಕೂ ವಿಮೆ ಮಾಡಿಸಿ ಕಳುಹಿಸಬಹುದು. ಒಂದೇ ಒಡವೆಯ ಬೆಲೆ ಮಿತಿ ದಾಟಿದರೆ ಅದನ್ನು ಅಂಚೆಗೆ ಹಾಕಬೇಡಿ. ಮಡಿಕೇರಿಯಿಂದ ಬೆಂಗಳೂರಿಗೆ ರಾತ್ರಿಯೂ ಹಗಲೂ ಬಸ್ಸಿದೆ. ನಂಬಿಕೆಯ ನೆಂಟರೊಬ್ಬರ ಕೈಚೀಲಕ್ಕಿಂತ ಒಳ್ಳೆಯ ವ್ಯವಸ್ಥೆ ಅಂಥ ಒಡವೆಗೆ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.

ಖಾಸಗಿ ಕೊರಿಯರ್ ಬಳಸುವವರು ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಹಣ ಕೊಡುವ ಮುಂಚೆ ಓದಬೇಕು. ಚಿನ್ನಾಭರಣ ಮತ್ತು ನಗದನ್ನು ಸ್ವೀಕರಿಸುವುದಿಲ್ಲ ಎಂಬ ಷರತ್ತು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೌಂಟರಿನಲ್ಲಿರುವವರು ‘ಪರವಾಗಿಲ್ಲ, ಕೊಡಿ’ ಎಂದರೂ ಆ ಷರತ್ತು ಅಳಿಯುವುದಿಲ್ಲ. ‘ಓನರ್ಸ್ ರಿಸ್ಕ್’ ಎಂದು ಬರೆದಿದ್ದರೆ ನಷ್ಟದ ಹೊಣೆ ನಿಮ್ಮದು, ‘ಕ್ಯಾರಿಯರ್ಸ್ ರಿಸ್ಕ್’ ಎಂದಿದ್ದರೆ ಸಾಗಿಸುವವರದು. ಎರಡನೆಯದಕ್ಕೆ ಹೆಚ್ಚು ಶುಲ್ಕವಿರುತ್ತದೆ. ಅದನ್ನು ಕೊಟ್ಟುದಕ್ಕೆ ರಸೀದಿಯಲ್ಲಿ ಗುರುತು ಇರಲೇಬೇಕು.

4. ಕಟ್ಟುವುದು ಮತ್ತು ಮುದ್ರೆ ಹಾಕುವುದು

ಒಡವೆಯನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಅಲುಗಾಡದಂತೆ ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅದಕ್ಕಿಂತ ದೊಡ್ಡದಾದ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕಾಗದದ ಉಂಡೆಗಳ ನಡುವೆ ಕೂರಿಸಿ. ಕೊಕ್ಕೆತಾತಿಯ ಮೇಲಿನ ಹೆಡೆಯಂತಹ ಎದ್ದುಕಾಣುವ ಭಾಗಗಳು ಬಾಗದಂತೆ ಹತ್ತಿಯ ಒತ್ತು ಕೊಡಿ. ಕಿವಿಗೆ ಹತ್ತಿರ ಹಿಡಿದು ಅಲುಗಿಸಿದಾಗ ಸದ್ದು ಬಂದರೆ ಇನ್ನೊಮ್ಮೆ ಕಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳುಹಿಸುವುದಾದರೆ ಹೊರ ಪೆಟ್ಟಿಗೆಯ ಒಳಗೂ ಒಂದು ಪ್ಲಾಸ್ಟಿಕ್ ಪದರ ಇರಲಿ. ನಮ್ಮ ಮಳೆಗೆ ರಟ್ಟು ತಡೆಯುವುದಿಲ್ಲ. ಒಳಗೆ ಕಳುಹಿಸುವವರ ಮತ್ತು ಪಡೆಯುವವರ ವಿಳಾಸ ಬರೆದ ಚೀಟಿಯೊಂದನ್ನು ಇಡಿ. ಹೊರಗಿನ ವಿಳಾಸ ನೆನೆದು ಅಳಿಸಿಹೋದರೆ ನಿಮ್ಮ ಪೊಟ್ಟಣಕ್ಕೆ ಉಳಿಯುವ ಗುರುತು ಅದೊಂದೇ. ಹೊರಗೆ ‘ಒಡವೆ’, ‘ಗಡಿಯಾರ’ ಎಂದೆಲ್ಲ ಬರೆಯಬೇಡಿ. ಒಡವೆ ಅಂಗಡಿಯ ಹೆಸರಿರುವ ಡಬ್ಬಿಯನ್ನು ಹೊರ ಪೆಟ್ಟಿಗೆಯಾಗಿ ಬಳಸಲೂಬೇಡಿ.

ವಿಮೆ ಮಾಡಿಸುವ ಪೊಟ್ಟಣಕ್ಕೆ ಅರಗಿನ ಮುದ್ರೆ ಬೇಕು. ಕಾಗದ ಅಥವಾ ಬಟ್ಟೆ ಕೂಡುವ ಪ್ರತಿ ಅಂಚಿನ ಮೇಲೂ ಹೊಲಿಗೆಯ ಉದ್ದಕ್ಕೂ ಮೂರು ಅಂಗುಲಕ್ಕೆ ಮೀರದ ಅಂತರದಲ್ಲಿ ಮುದ್ರೆಗಳಿರಬೇಕು. ಎಲ್ಲ ಮುದ್ರೆಗಳೂ ಒಂದೇ ಬಗೆಯ ಅರಗಿನವು, ಒಂದೇ ಗುರುತಿನವು ಆಗಿರಬೇಕು. ಆ ಗುರುತು ನಿಮ್ಮ ಸ್ವಂತದ್ದಾಗಿರಬೇಕು. ನಾಣ್ಯವನ್ನೋ ಅಂಗಿಯ ಗುಂಡಿಯನ್ನೋ ಒತ್ತಿ ಮಾಡಿದ ಗುರುತು ಯಾರ ಕೈಯಲ್ಲೂ ಮತ್ತೊಮ್ಮೆ ಮೂಡುತ್ತದೆ. ಬರಿಯ ಗೆರೆಗಳೂ ಹಾಗೆಯೇ. ತೋಟದ ಹೆಸರಿನ ಅಥವಾ ಮನೆತನದ ಅಕ್ಷರಗಳ ಹಿತ್ತಾಳೆ ಮುದ್ರೆ ಹಲವರ ಮನೆಯಲ್ಲಿದೆ, ಅದನ್ನು ಹುಡುಕಿ ತೆಗೆಯಿರಿ. ಮುದ್ರೆ ಹಾಕಿದ ಮೇಲೆ ಪೊಟ್ಟಣದ ಎಲ್ಲ ಬದಿಗಳ ಫೋಟೊ ತೆಗೆದಿಡಿ.

ವಿಮೆಯ ಮೊತ್ತವನ್ನು ಪೊಟ್ಟಣದ ಮೇಲೆ ಅಂಕಿಯಲ್ಲೂ ಅಕ್ಷರದಲ್ಲೂ ಶಾಯಿಯಲ್ಲಿ ಬರೆಯಬೇಕು. ತಪ್ಪಿದರೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರೂ ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಮೊದಲು ಬೇರೆ ಕಾಗದದ ಮೇಲೆ ಬರೆದು ನೋಡಿಕೊಳ್ಳಿ. ಒಳಗಿನ ವಸ್ತುವನ್ನು ತೋರಿಸಬೇಕೆಂದು ಕೌಂಟರಿನಲ್ಲಿ ಕೇಳುವ ಸಾಧ್ಯತೆಯೂ ಇರುವುದರಿಂದ, ಅರಗು, ಮೇಣದಬತ್ತಿ, ಮುದ್ರೆಗಳನ್ನು ಜೊತೆಗೊಯ್ದು ಅಲ್ಲಿಯೇ ಮುಚ್ಚುವುದು ಎರಡು ಸಲ ಕಟ್ಟುವ ಕೆಲಸವನ್ನು ತಪ್ಪಿಸುತ್ತದೆ.

5. ವಿಳಾಸ

ಪಿನ್ ಕೋಡ್ ಸರಿಯಾಗಿರಲಿ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಸಿದ್ದಾಪುರ ಕೊಡಗಿನಲ್ಲೂ ಇದೆ, ಉತ್ತರ ಕನ್ನಡದಲ್ಲೂ ಇದೆ, ಕುಂದಾಪುರದ ಕಡೆಯಲ್ಲೂ ಇದೆ. ನಮ್ಮ ಸಿದ್ದಾಪುರದ ಪಿನ್ 571253. ಮಡಿಕೇರಿಗೆ 571201, ವಿರಾಜಪೇಟೆಗೆ 571218, ಕುಶಾಲನಗರಕ್ಕೆ 571234, ಸೋಮವಾರಪೇಟೆಗೆ 571236. ಊರಿನ ಹೆಸರಿನ ಜೊತೆಗೆ ತಾಲ್ಲೂಕನ್ನೂ ಜಿಲ್ಲೆಯನ್ನೂ ಬರೆಯಿರಿ. ತಾಲ್ಲೂಕುಗಳು ಈಗ ಐದಾಗಿವೆ. ಹಳೆಯ ವಿಳಾಸದಲ್ಲಿ ಸೋಮವಾರಪೇಟೆ ತಾಲ್ಲೂಕು ಎಂದಿದ್ದದ್ದು ಇಂದು ಕುಶಾಲನಗರ ತಾಲ್ಲೂಕಾಗಿರಬಹುದು, ವಿರಾಜಪೇಟೆ ಎಂದಿದ್ದದ್ದು ಪೊನ್ನಂಪೇಟೆಯಾಗಿರಬಹುದು.

ತೋಟದೊಳಗಿನ ಮನೆಗಳಿಗೆ ರಸ್ತೆಯ ಹೆಸರಾಗಲಿ ಬಾಗಿಲ ಸಂಖ್ಯೆಯಾಗಲಿ ಇರುವುದಿಲ್ಲ. ತೋಟದ ಹೆಸರು, ಮನೆಯ ಹೆಸರು, ಬಟವಾಡೆ ಮಾಡುವ ಶಾಖಾ ಅಂಚೆ ಕಚೇರಿಯ ಹೆಸರು ಈ ಮೂರನ್ನೂ ಬರೆಯಿರಿ. 2025ರ ಮೇನಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹತ್ತು ಅಕ್ಷರ-ಅಂಕಿಗಳ ಸ್ಥಳ ಸಂಕೇತವನ್ನು ಬಿಡುಗಡೆ ಮಾಡಿದೆ. ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಒಂದು ಸಂಕೇತ ಕೊಡಲಾಗಿದೆ. ವಿಳಾಸದ ಕೆಳಗೆ ಅದನ್ನೂ ಬರೆದರೆ ನಷ್ಟವಿಲ್ಲ, ಆದರೆ ಪಿನ್ ಕೋಡಿನ ಬದಲಿಗೆ ಬರೆಯಬೇಡಿ. ಇಬ್ಬರ ಮೊಬೈಲ್ ಸಂಖ್ಯೆಗಳೂ ಇರಲಿ.

6. ಯಾವ ಕಚೇರಿ, ಕೌಂಟರಿನಲ್ಲಿ ಏನು

ಹಳ್ಳಿಯ ಶಾಖಾ ಅಂಚೆ ಕಚೇರಿಗಳಲ್ಲಿ ವಿಮೆಯ ಮಿತಿ ತೀರ ಕಡಿಮೆ. ಆದ್ದರಿಂದ ವಿಮೆ ಮಾಡಿಸುವ ಪೊಟ್ಟಣವನ್ನು ಪಟ್ಟಣದ ಉಪ ಅಂಚೆ ಕಚೇರಿಗೆ ಅಥವಾ ಮಡಿಕೇರಿಯ ಪ್ರಧಾನ ಅಂಚೆ ಕಚೇರಿಗೆ ಒಯ್ಯಿರಿ. ಮುಚ್ಚುವ ಹೊತ್ತಿನಲ್ಲಿ ಹೋಗಬೇಡಿ. ವಿಮೆಯ ಪೊಟ್ಟಣಕ್ಕೆ ಸಮಯ ಹಿಡಿಯುತ್ತದೆ, ನಿಮ್ಮ ಹಿಂದೆ ನಿಂತವರ ಗೊಣಗಾಟದಲ್ಲಿ ರಸೀದಿ ಓದಲಾಗುವುದಿಲ್ಲ.

ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳಿ: ಸ್ಪೀಡ್ ಪೋಸ್ಟ್ ನೋಂದಣಿ ಸಹಿತ, ಇಷ್ಟು ರೂಪಾಯಿಗೆ ವಿಮೆ ಸಹಿತ, ಒಟಿಪಿ ಅಥವಾ ಪಿಒಡಿ ಸಹಿತ. ವಿಮೆಯ ಶುಲ್ಕ ಘೋಷಿತ ಮೌಲ್ಯದೊಂದಿಗೆ ಏರುತ್ತದೆ. ಹಣ ಕೊಡುವ ಮೊದಲು ಒಟ್ಟು ಎಷ್ಟು ಎಂದು ಕೇಳಿ. ದುಬಾರಿ ಎನಿಸಿ ಮೌಲ್ಯವನ್ನು ಇಳಿಸಿ ಬರೆಯುವವರಿದ್ದಾರೆ. ಹಾಗೆ ಮಾಡಿದರೆ ಇಳಿಸಿ ಬರೆದಷ್ಟಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮಾಡಬೇಕು.

ಕಿಟಕಿಯಿಂದ ಸರಿಯುವ ಮುಂಚೆ ರಸೀದಿಯಲ್ಲಿ ಹೆಸರು, ಪಿನ್, ತೂಕ, ವಿಮೆಯ ಮೊತ್ತ, ನೋಂದಣಿಯ ಗುರುತು ನೋಡಿ. ತೂಕಕ್ಕೆ ವಿಶೇಷ ಮಹತ್ವವಿದೆ. ಪೊಟ್ಟಣದೊಳಗಿನದನ್ನು ತೆಗೆದಿದ್ದರೆ ಅದು ಮೊದಲು ಗೊತ್ತಾಗುವುದು ತೂಕದಿಂದಲೇ. ಮನೆಯಲ್ಲೂ ಒಮ್ಮೆ ತೂಗಿಕೊಂಡು ಹೋಗಿ. ರಸೀದಿಯ ಶಾಯಿ ಕೆಲವು ತಿಂಗಳಲ್ಲಿ ಮಾಸುವುದರಿಂದ ಅಲ್ಲಿಯೇ ಫೋಟೊ ತೆಗೆಯಿರಿ.

7. ಟ್ರ್ಯಾಕಿಂಗ್ ನೋಡುವುದು

ರಸೀದಿಯ ಸಂಖ್ಯೆಯಲ್ಲಿ 13 ಸ್ಥಾನಗಳಿವೆ: ಆರಂಭದಲ್ಲಿ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ಐಎನ್. ಒಂಬತ್ತನೆಯ ಅಂಕಿ ಮೊದಲ ಎಂಟು ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಹಾಗಾಗಿ ಒಂದು ಅಂಕಿ ತಪ್ಪಿದರೂ ಸಾಮಾನ್ಯವಾಗಿ ಸಂಖ್ಯೆ ಹೊಂದುವುದಿಲ್ಲ. ‘ಮಾಹಿತಿ ಇಲ್ಲ’ ಎಂದು ಬಂದರೆ ಗಾಬರಿಯಾಗುವ ಮೊದಲು ಸಂಖ್ಯೆಯನ್ನು ಇನ್ನೊಮ್ಮೆ ಓದಿ.

ಟ್ರ್ಯಾಕಿಂಗ್ ಪೊಟ್ಟಣದ ಜೊತೆ ಓಡುವ ಕಣ್ಣಲ್ಲ. ಬುಕಿಂಗ್ ಆದಾಗ, ಚೀಲಕ್ಕೆ ಸೇರಿದಾಗ, ಚೀಲ ಮುಂದಿನ ಕಚೇರಿಯಲ್ಲಿ ತೆರೆದಾಗ, ಬಟವಾಡೆಗೆ ಹೊರಟಾಗ ಯಾರಾದರೂ ಸ್ಕ್ಯಾನ್ ಮಾಡಿದರೆ ಮಾತ್ರ ಸಾಲು ಮೂಡುತ್ತದೆ. ನಡುವಿನ ಮೌನ ಕಳೆದುಹೋದುದರ ಲಕ್ಷಣವಲ್ಲ. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯಿಲ್ಲ, ಟಪಾಲು ಹೊರಡಬೇಕಾದದ್ದು ರಸ್ತೆಯಲ್ಲೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಭೂಕುಸಿತಕ್ಕೆ ಸಿಕ್ಕಿ ಮುಚ್ಚಿದ್ದನ್ನು ಮರೆತವರಿಲ್ಲ. ಮದುವೆಗೆ ಬೇಕಾದ ವಸ್ತುವನ್ನು ಆಟಿ ತಿಂಗಳ ಮಳೆಯಲ್ಲಿ ಕಡೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಎಚ್ಚರಿಕೆ: ‘ನಿಮ್ಮ ಪಾರ್ಸೆಲ್ ಗೋದಾಮಿನಲ್ಲಿದೆ, ವಿಳಾಸ ಅಪೂರ್ಣ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ’ ಎಂದು ಅಂಚೆಯ ಹೆಸರಿನಲ್ಲಿ ಬರುವ ಸಂದೇಶಗಳು ಮೋಸದವು, ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ (ಪಿಐಬಿ) ಇವನ್ನು ನಕಲಿ ಎಂದು ಸಾರಿದೆ. ನೀವು ನಿಜವಾಗಿಯೂ ಪೊಟ್ಟಣ ಕಳುಹಿಸಿ ಕಾಯುತ್ತಿರುವಾಗ ಇಂಥ ಸಂದೇಶ ಬಂದರೆ ನಂಬಿಬಿಡುವುದು ಸುಲಭ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಟವಾಡೆಯ ಒಟಿಪಿಯನ್ನು ಪೊಟ್ಟಣ ಕಣ್ಣೆದುರು ಇದ್ದಾಗ ಮಾತ್ರ ಹೇಳಬೇಕೆಂದು ಪಡೆಯುವವರಿಗೆ ಮೊದಲೇ ತಿಳಿಸಿ.

8. ಪಡೆಯುವವರಿಗೆ ಹೇಳಿಕೊಡಬೇಕಾದ್ದು

ಹೆಚ್ಚು ಮೌಲ್ಯದ ವಿಮೆಯ ಪೊಟ್ಟಣ ಮನೆ ಬಾಗಿಲಿಗೆ ಬರದೆ, ಬರಿಯ ಸೂಚನಾ ಚೀಟಿ ಬರಬಹುದು. ಗುರುತಿನ ಚೀಟಿ ಹಿಡಿದು ಕಚೇರಿಗೇ ಹೋಗಿ ಪಡೆಯಬೇಕಾಗುತ್ತದೆ. ಊರಲ್ಲಿ ಇಲ್ಲದ ದಿನಗಳಲ್ಲಿ ಬರುವಂತೆ ಕಳುಹಿಸಿದರೆ ಪೊಟ್ಟಣ ವಾಪಸ್ಸಾಗುತ್ತದೆ.

ಸಹಿ ಹಾಕುವ ಮುಂಚೆ ಅರಗಿನ ಮುದ್ರೆಗಳನ್ನು ನೀವು ಕಳುಹಿಸಿದ ಫೋಟೊದೊಂದಿಗೆ ತಾಳೆ ನೋಡಬೇಕು, ತೂಕ ಹಾಕಿಸಬೇಕು. ವ್ಯತ್ಯಾಸ ಕಂಡರೆ ಸಹಿ ಮಾಡದೆ, ಅಂಚೆ ಸಿಬ್ಬಂದಿಯ ಎದುರಿನಲ್ಲೇ ತೆರೆದು ಒಳಗಿನದನ್ನು ಪಟ್ಟಿ ಮಾಡಿಸಬೇಕು. ಇದಕ್ಕೆ ‘ಓಪನ್ ಡೆಲಿವರಿ’ ಎನ್ನುತ್ತಾರೆ. ಆಕ್ಷೇಪವಿಲ್ಲದೆ ಸಹಿ ಹಾಕಿ ಪಡೆದ ಪೊಟ್ಟಣಕ್ಕೆ ಪರಿಹಾರವಿಲ್ಲ. ದುರಸ್ತಿಯಾಗಿ ಬಂದ ಗಡಿಯಾರದ ಪೆಟ್ಟಿಗೆಯ ಮೂಲೆ ಜಜ್ಜಿದ್ದನ್ನು ಕಂಡೂ, ಮಳೆಯಲ್ಲಿ ನಿಂತಿದ್ದವರನ್ನು ಕಾಯಿಸುವುದೇಕೆಂದು ನಾನೊಮ್ಮೆ ಸಹಿ ಹಾಕಿದೆ. ಒಳಗಿನ ಗಾಜು ಒಡೆದಿತ್ತು, ದೂರು ಅಲ್ಲಿಗೇ ಮುಗಿಯಿತು.

9. ಬಾರದಿದ್ದರೆ

ಟ್ರ್ಯಾಕಿಂಗ್‌ನಲ್ಲಿ ಒಂದು ವಾರ ಯಾವ ಚಲನೆಯೂ ಇಲ್ಲದಿದ್ದರೆ ಕಾಯುತ್ತ ಕೂರಬೇಡಿ. ದೂರು ಕೊಡಲು ಕಾಲಮಿತಿ ಇರುತ್ತದೆ, ತಡವಾದಷ್ಟೂ ಪೊಟ್ಟಣದ ಜಾಡು ಹಿಡಿಯುವುದು ಕಷ್ಟ. ಬುಕ್ ಮಾಡಿದ ಕಚೇರಿಯಲ್ಲಿ ಲಿಖಿತ ದೂರು ಕೊಟ್ಟು ಅದರ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ; ಇಲಾಖೆಯ ಜಾಲತಾಣದಲ್ಲೂ, 1800 266 6868 ಎಂಬ ಉಚಿತ ಸಂಖ್ಯೆಯಲ್ಲೂ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣವಾದ ಸಿಪಿಗ್ರಾಮ್ಸ್‌ನಲ್ಲಿ ಅದೇ ಸಂಖ್ಯೆಯನ್ನು ನಮೂದಿಸಿ ಬರೆಯಿರಿ.

ದೂರಿನ ಜೊತೆ ರಸೀದಿಯ ಪ್ರತಿ, ಬಿಲ್ಲು ಅಥವಾ ಅಕ್ಕಸಾಲಿಗರ ಚೀಟಿ, ವಸ್ತುವಿನ ಫೋಟೊ, ಮುದ್ರೆ ಹಾಕಿದ ಪೊಟ್ಟಣದ ಫೋಟೊ ಇರಲಿ. ಪೊಟ್ಟಣ ಹಾಳಾಗಿ ಬಂದಿದ್ದರೆ ಹೊರ ಪೆಟ್ಟಿಗೆ, ಅರಗಿನ ಚೂರು, ದಾರ ಯಾವುದನ್ನೂ ಎಸೆಯಬೇಡಿ. ಪರಿಹಾರ ಕೇಳುವ ಹಕ್ಕು ಸಾಮಾನ್ಯವಾಗಿ ಕಳುಹಿಸಿದವರದ್ದು. ಆದ್ದರಿಂದ ಮೂಲ ರಸೀದಿಯನ್ನು ಪಡೆಯುವವರಿಗೆ ಕಳುಹಿಸಿಬಿಡದೆ, ಅವರು ಒಡವೆಯನ್ನು ತೂಗಿ ನೋಡಿ ಸರಿಯಿದೆ ಎಂದು ಫೋನ್ ಮಾಡುವವರೆಗೆ ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ.